ಕಾರವಾರದ ಕಡಲು ರಾತ್ರಿ ಮಿಣುಕುವುದೂ ನೊಬೆಲ್ ಬಂದ ಹಸಿರು ಬೆಳಕೂ ಒಂದೇನಾ? ಜೀವಂತ ಕೋಶ ಕೆಲಸ ಮಾಡೋದನ್ನ ಮಕ್ಕಳಿಗೆ ಹೇಗೆ ತೋರಿಸಲಿ?

ಮಾಜಾಳಿ ಅಕ್ಕೋರು ಕೇಳಿದ್ದು:

ನಮಸ್ಕಾರ. ನಾನು ಕಾರವಾರ ತಾಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಜೀವಶಾಸ್ತ್ರ ಕಲಿಸ್ತಾ ಇದ್ದೇನೆ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ಅಮಾವಾಸ್ಯೆಯ ಹಿಂದಿನ ರಾತ್ರಿ ನಮ್ಮ ಪ್ರಥಮ ಪಿಯುಸಿಯ ಹುಡುಗನೊಬ್ಬ ಫೋನ್ ಮಾಡಿದ. "ಅಕ್ಕೋರೆ, ನೀರಿಗೆ ಬೆಂಕಿ ಬಂದದೆ, ಬೇಗ ಬನ್ನಿ" ಅಂದ. ಅವರ ಮನೆಯವರೆಲ್ಲ ಬಲೆಗೆ ಹೋಗುವವರು, ಅವರಿಗೆ ಇದು ಹೊಸದಲ್ಲ. ನನಗೆ ಇಷ್ಟು ಜೋರಾಗಿ ಕಂಡದ್ದು ಮೊದಲ ಸಲ. ಅಲೆ ಮುರಿಯುವಲ್ಲೆಲ್ಲ ನೀಲಿ ಗೆರೆ. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಹೆಜ್ಜೆಯ ಸುತ್ತ ಚುಕ್ಕಿ ಚುಕ್ಕಿ ಹೊತ್ತಿ ಆರ್ತಿತ್ತು. ಹುಡುಗ ದೋಣಿಯ ಹಗ್ಗವನ್ನು ನೀರಲ್ಲಿ ಎಳೆದು ತೋರಿಸಿದ. ಹಗ್ಗದ ಉದ್ದಕ್ಕೂ ಬೆಳಕು ಹರಿದುಹೋಯ್ತು.

ಇದು ನೋಕ್ಟಿಲ್ಯೂಕಾ ಅನ್ನುವ, ಕಡಲಲ್ಲಿ ಹೊಳೆಯುವ ಸಣ್ಣ ಜೀವಿ ಅಂತ ನನಗೆ ಗೊತ್ತಿತ್ತು. ಎರಡು ಲೀಟರಿನ ಬಾಟಲಿ ತುಂಬಾ ನೀರು ತುಂಬಿಕೊಂಡು, ಮುಚ್ಚಳ ಬಿಗಿ ಮಾಡಿ ಮನೆಗೆ ತಂದೆ. ಮರುದಿನ ಲ್ಯಾಬಿನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಮಕ್ಕಳನ್ನು ಕೂರಿಸಿದೆ. ಮೊದಲ ಸಲ ಅಲ್ಲಾಡಿಸಿದಾಗ ಚೆನ್ನಾಗಿ ಹೊಳೆಯಿತು. ಎಲ್ಲರೂ ಕೇಳಿದರು ಅಂತ ಮತ್ತೆ ಮತ್ತೆ ಅಲ್ಲಾಡಿಸಿದೆ, ಪ್ರತಿ ಸಲವೂ ಕಡಿಮೆ ಆಯ್ತು. ಮೂರನೇ ಪೀರಿಯಡ್ಡಿನ ಮಕ್ಕಳಿಗೆ ಏನೂ ಕಾಣಲಿಲ್ಲ. ಸ್ಲೈಡಿನ ಮೇಲೆ ಒಂದು ತೊಟ್ಟು ಹಾಕಿ ಕವರ್‌ಸ್ಲಿಪ್ ಇಟ್ಟೆ. ಒಡೆದ ಪೊರೆಗಳು, ಮುದುಡಿದ ಚೂರುಗಳು, ಅಷ್ಟೇ. ಬಹಳ ಬೇಜಾರಾಯ್ತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದು ನನ್ನ ತಲೆಯಿಂದ ಹೋಗ್ತಾ ಇಲ್ಲ. "ಅಕ್ಕೋರೆ, ಈರುಳ್ಳಿ ಸಿಪ್ಪೆ ನೋಡಿದೆವು, ಕೆನ್ನೆಯ ಕೋಶ ನೋಡಿದೆವು. ಎಲ್ಲ ಬಣ್ಣ ಹಾಕಿ ಸತ್ತದ್ದೇ. ಕೋಶದೊಳಗೆ ಅದು ಆಗ್ತದೆ, ಇದು ಆಗ್ತದೆ ಅಂತ ಪುಸ್ತಕದಲ್ಲಿ ಉಂಟು. ಆಗುವಾಗ ಯಾರು ನೋಡಿದ್ದಾರೆ?"

ಜೆಲ್ಲಿಮೀನಿನ ಹಸಿರು ಪ್ರೋಟೀನಿಗೆ 2008ರಲ್ಲಿ ನೊಬೆಲ್ ಬಂತು ಅಂತ ಓದಿದ್ದೇನೆ. ಆ ಬೆಳಕೂ ನಮ್ಮ ಕಡಲಿನ ಬೆಳಕೂ ಒಂದೇನಾ? ಅದರಿಂದ ಜೀವಂತ ಕೋಶದೊಳಗಿನ ಕೆಲಸ ನೋಡೋದು ಹೇಗೆ? ನಮ್ಮಲ್ಲಿ ಇರೋದು ಸಾಧಾರಣ ಮೈಕ್ರೋಸ್ಕೋಪು, ಐದರಲ್ಲಿ ಮೂರು ಸರಿ ಇವೆ. ಅಷ್ಟರಲ್ಲೇ ಆ ಹುಡುಗಿಗೆ ಏನಾದರೂ ತೋರಿಸಬಹುದಾ?

ಬೈತಕೋಲದವ:

ಅಕ್ಕೋರೆ, ನಾನು ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಎಂಎಸ್ಸಿ ಮುಗಿಸಿದವನು. ಬಾಟಲಿಯ ಮಟ್ಟಿಗೆ ಹೇಳ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

ನೋಕ್ಟಿಲ್ಯೂಕಾ ಒಂದೇ ಕೋಶದ ಜೀವಿಯಾದರೂ ಅರ್ಧ ಮಿಲಿಮೀಟರಿನ ಆಚೀಚೆ ಇರ್ತದೆ. ಗಾಜಿನ ಲೋಟದಲ್ಲಿಟ್ಟು ಬೆಳಕಿಗೆ ಹಿಡಿದರೆ ಸಬ್ಬಕ್ಕಿಯ ಸಣ್ಣ ಕಾಳಿನ ಹಾಗೆ ಬರಿಗಣ್ಣಿಗೇ ಕಾಣ್ತದೆ. ಒಳಗೆಲ್ಲ ನೀರು ತುಂಬಿದ ಗುಳ್ಳೆ. ಕವರ್‌ಸ್ಲಿಪ್ಪಿನ ಭಾರಕ್ಕೇ ಒಡೆದುಹೋಗ್ತದೆ. ಗುಳಿ ಇರುವ ಸ್ಲೈಡ್ ಇದ್ದರೆ ಅದು ತಗೊಳ್ಳಿ. ಇಲ್ಲದಿದ್ದರೆ ಸ್ಲೈಡಿನ ಮೇಲೆ ವ್ಯಾಸಲೀನಿನಲ್ಲಿ ಬಳೆಯ ಹಾಗೆ ಒಂದು ಕಟ್ಟೆ ಕಟ್ಟಿ, ನಡುವೆ ನೀರು ಬಿಟ್ಟು, ಮೇಲೆ ಕವರ್‌ಸ್ಲಿಪ್ ಕೂರಿಸಿ. ಅತಿ ಕಡಿಮೆ ಪವರಿನ ಲೆನ್ಸ್ ಸಾಕು. ಬಾಲದಂಥ ಒಂದು ಬಳ್ಳಿ ನಿಧಾನ ಆಡೋದು, ಗುಳ್ಳೆಯೊಳಗೆ ಜೇಡರ ಬಲೆಯ ಹಾಗೆ ಎಳೆಗಳು ಹರಡಿದ್ದು ಕಾಣ್ತದೆ. ಅರಬ್ಬಿ ಸಮುದ್ರದಲ್ಲಿ ಒಳಗೆ ಹಸಿರು ಪಾಚಿ ಸಾಕಿಕೊಂಡ ಬಗೆಯೂ ಉಂಟು. ನಿಮ್ಮ ನೀರಲ್ಲಿ ಅದೇ ಇದ್ದರೆ ಒಳಗೆ ಈಜಾಡುವ ಹಸಿರು ಚುಕ್ಕಿಗಳೂ ಕಾಣಬಹುದು.

ಬೆಳಕು ಯಾಕೆ ಹೋಯ್ತು ಅಂದರೆ, ಪ್ರತಿ ಸಲ ಅಲ್ಲಾಡಿಸಿದಾಗಲೂ ಲೂಸಿಫೆರಿನ್, ಅಂದರೆ ಬೆಳಕು ಕೊಡುವ ವಸ್ತು, ಖರ್ಚಾಗ್ತದೆ. ಮತ್ತೆ ತುಂಬಿಕೊಳ್ಳಲಿಕ್ಕೆ ಸಮಯ ಬೇಕು. ಮುಚ್ಚಿದ ಬಾಟಲಿಯಲ್ಲಿ ಅಷ್ಟು ಜೀವಿ ತುಂಬಿದರೆ ಉಸಿರಿಗೂ ಕಷ್ಟ. ಮುಂದಿನ ಸಲ ಬಾಯಿ ಅಗಲದ ಪಾತ್ರೆಯಲ್ಲಿ, ಸ್ವಲ್ಪವೇ ತನ್ನಿ, ತೆರೆದಿಡಿ, ತಂಪಿನಲ್ಲಿಡಿ, ಕುಲುಕಬೇಡಿ. ಮಕ್ಕಳು ಕತ್ತಲಲ್ಲಿ ಇಪ್ಪತ್ತು ನಿಮಿಷ ಕೂತ ಮೇಲೆ ತೋರಿಸಿ, ಕಣ್ಣು ಕತ್ತಲಿಗೆ ಒಗ್ಗಲಿಕ್ಕೆ ಅಷ್ಟು ಬೇಕು.

ಇನ್ನೊಂದು. ಒಂದು ಚಮಚ ನೀರನ್ನು ಬೇರೆ ತೆಗೆದು ಅದಕ್ಕೆ ಎರಡು ತೊಟ್ಟು ವಿನೆಗರ್ ಬಿಡಿ. ಅಲ್ಲಾಡಿಸದೆಯೇ ಹೊತ್ತಿಕೊಳ್ತದೆ. ನೀರು ಬಡಿದಾಗ ಈ ಜೀವಿಯ ಒಳಪೊರೆಯಲ್ಲಿ ಒಂದು ವಿದ್ಯುತ್ ಅಲೆ ಓಡ್ತದೆ, ಅದರಿಂದ ಬೆಳಕಿನ ಸಣ್ಣ ಸಣ್ಣ ಚೀಲಗಳಿಗೆ ಆಮ್ಲ ನುಗ್ತದೆ, ಆಗ ಕಿಣ್ವ ಎಚ್ಚರಾಗ್ತದೆ. ವಿನೆಗರ್ ಆ ಕೆಲಸವನ್ನ ಹೊರಗಿನಿಂದ ಮಾಡ್ತದೆ. ಅವು ಸಾಯ್ತವೆ, ಹಾಗಾಗಿ ಒಂದೇ ಚಮಚ, ಒಂದೇ ಸಲ.

ಹುಲೇಕಲ್ ಕಡೆಯವ:

ಅಕ್ಕೋರೆ, ನಾನು ಶಿರಸಿ ಹುಲೇಕಲ್ ಹತ್ತಿರದವನು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಒಂಬತ್ತು ವರ್ಷದಿಂದ ಕಾನ್‌ಫೋಕಲ್ ಮೈಕ್ರೋಸ್ಕೋಪುಗಳನ್ನು, ಅಂದರೆ ಲೇಸರ್ ಬೆಳಕಿನಲ್ಲಿ ಕೋಶವನ್ನು ಪದರ ಪದರವಾಗಿ ತೋರಿಸುವಂಥವನ್ನು, ನೋಡಿಕೊಳ್ತೇನೆ. ಆ ಹುಡುಗಿ ಕೇಳಿದ ಪ್ರಶ್ನೆಯೇ ನನ್ನ ದಿನದ ಕೆಲಸ. ಅವಳಿಗೆ ನನ್ನ ನಮಸ್ಕಾರ ತಿಳಿಸಿ.

ಎರಡೂ ಬೆಳಕು ಬೇರೆ. ನೋಕ್ಟಿಲ್ಯೂಕಾದ್ದು ಮಿಂಚುಹುಳದ ಹಾಗೆ, ತನ್ನೊಳಗೇ ರಾಸಾಯನಿಕ ಸುಟ್ಟು ಬೆಳಕು ಮಾಡುವುದು. ಜಿಎಫ್‌ಪಿ, ಅಂದರೆ ಆ ಹಸಿರು ಪ್ರೋಟೀನು, ಸ್ವಂತ ಬೆಳಕು ಮಾಡುವುದಿಲ್ಲ. ಒಂದು ಬಣ್ಣದ ಬೆಳಕು ನುಂಗಿ ಇನ್ನೊಂದು ಬಣ್ಣ ಕೊಡ್ತದೆ. ನುಗ್ಗೆ ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ಅರೆದು ಸೋಸಿ, ಕತ್ತಲಲ್ಲಿ ನೋಟು ಪರೀಕ್ಷೆ ಮಾಡುವ ನೇರಳೆ ಬ್ಯಾಟರಿ ಬಿಡಿ. ಹಸಿರು ರಸ ರಕ್ತದ ಹಾಗೆ ಕೆಂಪಾಗಿ ಹೊಳೀತದೆ. ಬ್ಯಾಟರಿ ಆರಿಸಿದ ಕೂಡಲೇ ಹೋಗ್ತದೆ. ಅದೇ ಪ್ರತಿದೀಪ್ತಿ.

ಆದರೆ ನೊಬೆಲ್ ಕತೆ ಶುರುವಾದದ್ದು ನಿಮ್ಮ ಬಾಟಲಿಯಂಥದ್ದೇ ಒಂದು ಸೋಲಿನಿಂದ. ಒಸಾಮು ಶಿಮೊಮುರಾ ಅನ್ನುವ ಜಪಾನಿನ ವಿಜ್ಞಾನಿ 1961ರ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರಿಗೆ ಹೋದರು. ಜೊತೆಗೆ ಫ್ರಾಂಕ್ ಜಾನ್ಸನ್. ಅಲ್ಲಿಯ ಎಕ್ವೋರಿಯಾ ಜೆಲ್ಲಿಮೀನನ್ನು ಹಿಡಿಯುವುದು, ಛತ್ರಿಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸುವುದು, ಬಟ್ಟೆಯಲ್ಲಿ ಹಿಂಡುವುದು. ಬೆಳಕಿನ ವಸ್ತುವನ್ನು ಬೇರೆ ಮಾಡುವ ಮೊದಲೇ ಹೊಳೆದು ಮುಗಿದುಹೋಗ್ತಿತ್ತು. ದೋಣಿಯಲ್ಲಿ ಒಬ್ಬರೇ ಕೂತು ಯೋಚನೆ ಮಾಡ್ತಿದ್ದರಂತೆ. ಆಮ್ಲ ಹೆಚ್ಚು ಮಾಡಿದರೆ ಬೆಳಕು ನಿಲ್ತದೆ ಅಂತ ಒಂದು ದಿನ ಕಂಡುಕೊಂಡರು. ಆಮ್ಲ ಕಳೆದ ಮೇಲೆ ಸ್ವಲ್ಪ ಹೊಳೆಯಿತು. ಸರಿ ಅಂತ ಅದನ್ನು ಸಿಂಕಿಗೆ ಚೆಲ್ಲಿದರು. ಸಿಂಕಿನೊಳಗೆ ನೀಲಿ ಬೆಳಕು ಭಗ್ಗೆಂದಿತು! ಅಕ್ವೇರಿಯಮ್ಮಿನಿಂದ ಉಕ್ಕಿದ ಸಮುದ್ರದ ನೀರು ಅದೇ ಸಿಂಕಿಗೆ ಹರೀತಿತ್ತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇರ್ತದೆ, ಅದು ತಗಲಿದ್ದೇ ಕಾರಣ. ಆ ಬೇಸಿಗೆಯಲ್ಲಿ ಹಿಡಿದ ಸುಮಾರು 10,000 ಜೆಲ್ಲಿಮೀನಿನಿಂದ ಕೊನೆಗೆ ಸಿಕ್ಕ ಶುದ್ಧ ವಸ್ತು ಸುಮಾರು 5 ಮಿಲಿಗ್ರಾಂ. ಅದಕ್ಕೆ ಎಕ್ವೋರಿನ್ ಅಂತ ಹೆಸರಿಟ್ಟರು. ಜೊತೆಯಲ್ಲಿ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನು ಇದೆ ಅಂತ 1962ರ ಪ್ರಬಂಧದಲ್ಲಿ ಬರೆದರು. ಜಿಎಫ್‌ಪಿ ಅಂದರೆ ಅದು.

ಈಗ ಹುಡುಗಿಯ ಪ್ರಶ್ನೆ: ಆಗುವಾಗ ಯಾರು ನೋಡಿದ್ದಾರೆ?

ನಿಮ್ಮಲ್ಲಿ ಬಂಡೆಗೆ, ದೋಣಿಯ ತಳಕ್ಕೆ ಬಾರ್ನಕಲ್ ಅಂಟಿರ್ತದಲ್ಲ, ಕಾಲು ಕೊಯ್ಯುವಂಥದ್ದು. ಅದರ ಜಾತಿಯ ದೊಡ್ಡದೊಂದರ ಸ್ನಾಯುವಿನ ಕೋಶ ಸೂಜಿ ಚುಚ್ಚುವಷ್ಟು ದಪ್ಪ. 1967ರಲ್ಲಿ ರಿಜ್‌ವೇ ಮತ್ತು ಆಶ್ಲಿ ಅನ್ನುವವರು ಅದರೊಳಗೆ ಎಕ್ವೋರಿನ್ ಚುಚ್ಚಿ, ಸ್ನಾಯುವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಮೊದಲು ಬೆಳಕು ಮಿಂಚಿತು, ಅದರ ಹಿಂದೆಯೇ ಸ್ನಾಯು ಸೆಳೆಯಿತು. ಕ್ಯಾಲ್ಸಿಯಂ ಬಂದು ಸ್ನಾಯುವನ್ನು ಎಬ್ಬಿಸುವುದನ್ನು ಒಂದೇ ಜೀವಂತ ಕೋಶದಲ್ಲಿ, ಆಗುವಾಗಲೇ, ಕಂಡದ್ದು ಹಾಗೆ. ಹನ್ನೊಂದು ವರ್ಷದ ಮೇಲೆ, 1978ರಲ್ಲಿ, ಮೆಡಾಕಾ ಅನ್ನುವ ಸಣ್ಣ ಮೀನಿನ ಮೊಟ್ಟೆಯಲ್ಲಿ ಗರ್ಭ ಕಟ್ಟುವ ಹೊತ್ತಿಗೆ ವೀರ್ಯಾಣು ಹೊಕ್ಕ ತುದಿಯಿಂದ ಎದುರು ತುದಿಗೆ ಬೆಳಕಿನ ಅಲೆ ದಾಟುವುದನ್ನು ಕಂಡರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದರೆ ಬರಿಯ ಬೆಳಕಿನಿಂದ ಏನೂ ಗೊತ್ತಾಗುವುದಿಲ್ಲ, ಏನೋ ಒಂದು ಬಂದಾಗ ಮಾತ್ರ ಬದಲಾಗುವ ಬೆಳಕು ಬೇಕು. ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡ್ತಾರಲ್ಲ, ಅರಿಶಿನ ಕೆಂಪಾದರೆ ಸುಣ್ಣ ಬಿದ್ದಿದೆ ಅಂತ ಅರ್ಥ. ಕೋಶದೊಳಗೆ ಅಂಥ ಅರಿಶಿನವನ್ನು ಇಡುವುದೇ ಈ ವಿದ್ಯೆ.

ಇಡುವುದೇ ಕಷ್ಟದ ಕೆಲಸವಾಗಿತ್ತು. ಕೋಶದ ಪೊರೆ ಕಂಡಕಂಡದ್ದನ್ನು ಒಳಗೆ ಬಿಡುವುದಿಲ್ಲ, ಪ್ರತಿ ಕೋಶಕ್ಕೂ ಸೂಜಿ ಚುಚ್ಚಲಿಕ್ಕೂ ಆಗುವುದಿಲ್ಲ. ರೋಜರ್ ಚಿಯೆನ್ ಅನ್ನುವವರು ಒಂದು ಉಪಾಯ ಮಾಡಿದರು. ನಮ್ಮ ಕಡೆ ಹಳ್ಳಕ್ಕೆ ಕೂಳಿ ಇಡ್ತಾರೆ, ಮೀನು ಸಲೀಸಾಗಿ ಒಳಗೆ ಹೋಗ್ತದೆ, ಹೊರಗೆ ಬರಲಿಕ್ಕೆ ಆಗುವುದಿಲ್ಲ. ಹಾಗೆ, ಬಣ್ಣದ ಅಣುವಿನ ವಿದ್ಯುದಂಶಕ್ಕೆಲ್ಲ ಮುಸುಕು ಹಾಕಿದರು. ಮುಸುಕಿನ ಅಣು ಪೊರೆಯನ್ನು ದಾಟ್ತದೆ, ಒಳಗಿರುವ ಕಿಣ್ವ ಮುಸುಕು ಕತ್ತರಿಸ್ತದೆ, ಆಮೇಲೆ ಅದು ಒಳಗೇ ಉಳೀತದೆ. 1985ರಲ್ಲಿ ಅವರ ತಂಡ ತಂದ ಫ್ಯೂರಾ-2 ಅನ್ನುವ ಬಣ್ಣ ಹೀಗೆ ಒಳಗೆ ಹೋಗಿ ಕ್ಯಾಲ್ಸಿಯಂ ಅಳೀತದೆ. ಎರಡು ತರಂಗಾಂತರದ ಬೆಳಕನ್ನು ಒಂದಾದ ಮೇಲೆ ಒಂದು ಬಿಟ್ಟು ಎರಡರ ಅನುಪಾತ ತೆಗೀತಾರೆ. ಒಂದು ಕೋಶದಲ್ಲಿ ಬಣ್ಣ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಸುಮ್ಮನಿರುವ ಕೋಶದೊಳಗೆ ಬಿಡಿ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್, ಕಡಲ ನೀರಿನದರ ಲಕ್ಷದಲ್ಲಿ ಒಂದು ಪಾಲು. ಅಷ್ಟು ಒಣಗಿಸಿ ಇಟ್ಟುಕೊಂಡಿರುವುದರಿಂದಲೇ ಒಂದು ಹನಿ ಒಳಗೆ ಬಂದರೂ ಕೋಶಕ್ಕೆ ಅದು ಸುದ್ದಿ.

ಜಿಎಫ್‌ಪಿ ಬಂದದ್ದು ಇದರ ಮೇಲೆ. ಡಗ್ಲಸ್ ಪ್ರಾಷರ್ 1992ರಲ್ಲಿ ಅದರ ಜೀನನ್ನು ಬೇರ್ಪಡಿಸಿದರು. ಮುಂದುವರಿಸಲು ಹಣ ಸಿಗದೆ, ಕೇಳಿದವರಿಗೆ ಜೀನ್ ಕೊಟ್ಟುಬಿಟ್ಟರು. 2008ರಲ್ಲಿ ಶಿಮೊಮುರಾ, ಮಾರ್ಟಿನ್ ಚಾಲ್ಫಿ, ಚಿಯೆನ್ ಮೂವರಿಗೆ ನೊಬೆಲ್ ಬಂದಾಗ ಪ್ರಾಷರ್ ಅಲಬಾಮಾದ ಒಂದು ಕಾರಿನ ಅಂಗಡಿಯಲ್ಲಿ ವ್ಯಾನ್ ಓಡಿಸ್ತಿದ್ದರು. ಮಕ್ಕಳಿಗೆ ಈ ಹೆಸರನ್ನೂ ಹೇಳಿ ಅಕ್ಕೋರೆ, ನನಗದು ಮುಖ್ಯ. ಚಾಲ್ಫಿ 1994ರಲ್ಲಿ ಆ ಜೀನನ್ನು ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳಕ್ಕೆ ಸೇರಿಸಿದರು, ಹುಳದ ಸ್ಪರ್ಶದ ನರಕೋಶ ಬದುಕಿರುವಾಗಲೇ ಹಸಿರಾಗಿ ಕಂಡಿತು. 238 ಅಮೈನೋ ಆಮ್ಲದ ಈ ಪ್ರೋಟೀನು ಪೀಪಾಯಿಯ ಆಕಾರಕ್ಕೆ ಮಡಚಿಕೊಂಡು, ಒಳಗೆ ತನ್ನ ಬಣ್ಣವನ್ನು ತಾನೇ ತಯಾರಿಸಿಕೊಳ್ತದೆ. ಹೊರಗಿನಿಂದ ಬೇಕಾದ್ದು ಆಮ್ಲಜನಕ ಮಾತ್ರ. ಸೂಜಿಯೂ ಬೇಡ, ಮುಸುಕೂ ಬೇಡ, ಕೋಶವೇ ತನ್ನ ಅರಿಶಿನವನ್ನು ತಾನು ಅರೆದುಕೊಳ್ತದೆ.

2001ರಲ್ಲಿ ಜಪಾನಿನ ಜುನಿಚಿ ನಕಾಯ್ ತಂಡದವರು ಆ ಪೀಪಾಯಿಯ ಗೋಡೆಯನ್ನು ಒಂದು ಕಡೆ ಬಿಚ್ಚಿ, ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮೊಡ್ಯುಲಿನ್ ಅನ್ನುವ ಪ್ರೋಟೀನನ್ನು ಅಲ್ಲಿಗೆ ಹೊಲಿದರು. ಕ್ಯಾಲ್ಸಿಯಂ ಇಲ್ಲದಾಗ ಸಂದಿ ಬಿಟ್ಟು ಬೆಳಕು ಮಂಕು. ಬಂದಾಗ ಕ್ಯಾಲ್ಮೊಡ್ಯುಲಿನ್ ಪಕ್ಕದ ತುಂಡನ್ನು ಅಪ್ಪಿಕೊಂಡು ಸಂದಿ ಮುಚ್ತದೆ, ಬೆಳಕು ಏರ್ತದೆ. ಜಿಕ್ಯಾಂಪ್ ಅಂತ ಕರೀತಾರೆ. ಇವತ್ತು ಮಿದುಳಿನ ನರಕೋಶಗಳು ಮಾತಾಡಿಕೊಳ್ಳುವುದನ್ನು ನೋಡುವುದು ಹೆಚ್ಚಾಗಿ ಇದರ ಸುಧಾರಿಸಿದ ಬಗೆಗಳಿಂದಲೇ.

ಬೆಂಗಳೂರಿನಲ್ಲೇ ಆದದ್ದೂ ಒಂದಿದೆ. ಅಲ್ಲಿಯ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿದ್ದಾಗ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಡಿಎನ್‌ಎಯಿಂದಲೇ ಕೀಲಿನಂಥ ಒಂದು ಯಂತ್ರ ಕಟ್ಟಿತು. ಎರಡು ತುದಿಗೆ ಎರಡು ಬಣ್ಣ. ಆಮ್ಲ ಹೆಚ್ಚಾದರೆ ಕೀಲು ಮಡಚಿ ಬಣ್ಣಗಳು ಹತ್ತಿರವಾಗ್ತವೆ, ಒಂದರ ಶಕ್ತಿ ಇನ್ನೊಂದಕ್ಕೆ ದಾಟಿ ಹೊಳೆಯುವ ಬಣ್ಣ ಬದಲಾಗ್ತದೆ. ಈ ದಾಟುವಿಕೆ ನಡೆಯುವುದು 10 ನ್ಯಾನೋಮೀಟರಿನ ಒಳಗೆ ಮಾತ್ರ, ಹಾಗಾಗಿ ಅಣುವಿನ ಮಟ್ಟದ ಅಳತೆಗೋಲು ಆಗ್ತದೆ. ಹಣ್ಣುನೊಣದ ರಕ್ತಕೋಶ ಅದನ್ನು ನುಂಗಿದಾಗ, ಒಳಗೆ ಅದನ್ನು ಹೊತ್ತ ಚೀಲ ಹೆಜ್ಜೆ ಹೆಜ್ಜೆಗೆ ಹುಳಿಯಾಗುವುದನ್ನು ಅಳೆದರು. ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಇದನ್ನು ಓದುವ ಆಸೆ ಬಂದರೆ ಅದು ರೈಲಿನಲ್ಲಿ ಒಂದು ರಾತ್ರಿಯ ದೂರ.

ಮಾಜಾಳಿ ಅಕ್ಕೋರು:

ತಮ್ಮಾ, ಕಣ್ಣಲ್ಲಿ ನೀರು ಬಂತು. ಬಾರ್ನಕಲ್ ಕತೆಯನ್ನು ಇವತ್ತೇ ತರಗತಿಯಲ್ಲಿ ಹೇಳಿದೆ. ಬಲೆಯ ಹುಡುಗ "ನಮ್ಮ ದೋಣಿಗೆ ಹಿಡಿದದ್ದನ್ನ ಕೆರೆದು ಕೆರೆದು ಬಿಸಾಡ್ತೇವಲ್ಲ" ಅಂತ ತುಂಬ ಹೊತ್ತು ಸುಮ್ಮನೆ ಕೂತ.

ಹುಡುಗಿ ಮತ್ತೆ ಕೇಳಿದಳು. ಬೇರೆ ಜೀವಿಯ ಪ್ರೋಟೀನು ಒಳಗಿಟ್ಟು, ಮೇಲಿಂದ ಲೇಸರ್ ಬಿಟ್ಟರೆ, ಕೋಶ ತನ್ನ ಪಾಡಿಗೆ ಇರ್ತದಾ? ನನಗೂ ಅದೇ ಅನ್ನಿಸ್ತು.

ಹುಲೇಕಲ್ ಕಡೆಯವ:

ಇರುವುದಿಲ್ಲ ಅಕ್ಕೋರೆ. ಅವಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ಚಿಕ್ಕವನಿದ್ದಾಗ ಅಜ್ಜನ ಜೊತೆ ರಾತ್ರಿ ತೋಟಕ್ಕೆ ಹೋಗ್ತಿದ್ದೆ. ಬ್ಯಾಟರಿ ಬಿಟ್ಟರೆ ಕಡವೆ ಕಲ್ಲಾಗಿ ನಿಲ್ತಿತ್ತು, ಕಣ್ಣು ಎರಡು ಕೆಂಡ. ಕಡವೆ ರಾತ್ರಿ ಹೀಗೇ ನಿಂತಿರ್ತದೆ ಅಂತ ನಾನು ಎಷ್ಟೋ ವರ್ಷ ತಿಳಿದಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ವಿದ್ಯಾರ್ಥಿನಿಗಾಗಿ ರಾತ್ರಿಯಿಡೀ ಕೋಶ ವಿಭಜನೆಯ ಚಿತ್ರ ತೆಗೆಯಲು ಮೈಕ್ರೋಸ್ಕೋಪ್ ಹೊಂದಿಸಿದೆ. ಚಿತ್ರ ಚೆನ್ನಾಗಿ ಬರಲಿ ಅಂತ ಲೇಸರ್ ಏರಿಸಿದೆ. ಮೊದಲ ಅರ್ಧ ಗಂಟೆ ಬಹಳ ಸುಂದರ. ಕ್ರೋಮೋಸೋಮುಗಳು ನಡುವೆ ಸಾಲಾಗಿ ನಿಂತವು. ಬೆಳಿಗ್ಗೆ ಬಂದು ನೋಡಿದರೆ ಅಲ್ಲೇ ನಿಂತಿದ್ದವು, ಕೋಶದ ಮೈತುಂಬ ಗುಳ್ಳೆ ಎದ್ದಿತ್ತು. ಬೆಳಕು ಬಿದ್ದಲ್ಲಿ ಆಮ್ಲಜನಕ ಕೆರಳಿ ಕೋಶವನ್ನು ಸುಡ್ತದೆ. ಪಕ್ಕದಲ್ಲಿ ಲೇಸರ್ ಬೀಳದ ಕೋಶಗಳು ಎರಡೆರಡಾಗಿ ಆರಾಮಾಗಿದ್ದವು. ಆ ವಿದ್ಯಾರ್ಥಿನಿಯ ಮೂರು ವಾರದ ಕೆಲಸ ಹೋಯ್ತು. ಆವತ್ತಿನಿಂದ ಯಾರು ಬಂದರೂ ಮೊದಲು ಲೇಸರ್ ಇಳಿಸಿಯೇ ಶುರು ಮಾಡ್ತೇನೆ. ಚಿತ್ರ ಮಸುಕಾದರೂ ಇರಲಿ, ಕೋಶ ಮುಂದಿನ ವಿಭಜನೆ ಮಾಡಬೇಕು.

ಸೆನ್ಸರ್ ಕೂಡ ಹಾಗೇ. ಕ್ಯಾಲ್ಸಿಯಂ ಹಿಡಿದು ತೋರಿಸುವ ಪ್ರೋಟೀನು ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡೇ ಇರ್ತದೆ. ಹೆಚ್ಚು ತುಂಬಿದರೆ ಕೋಶಕ್ಕೇ ಕಡಿಮೆ ಬೀಳ್ತದೆ. ಅದಕ್ಕೆ ಸೆನ್ಸರ್ ಇಲ್ಲದ ಕೋಶ, ಸೆನ್ಸರ್ ಇದ್ದೂ ಬೆಳಕು ಬಿಡದ ಕೋಶ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಬೆಳಕನ್ನು ಕಡಿಮೆ ಮಾಡುವ ದಾರಿಗಳೂ ಬಂದಿವೆ. 1990ರಲ್ಲಿ ಬಂದ ಎರಡು ಫೋಟಾನಿನ ವಿಧಾನದಲ್ಲಿ ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕು ಒಂದೇ ಚುಕ್ಕಿಯಲ್ಲಿ ಮಾತ್ರ ಕೆಲಸ ಮಾಡ್ತದೆ. ಇನ್ನೊಂದರಲ್ಲಿ, ಹಂಚಿನ ಸಂದಿಯಿಂದ ಬರುವ ಬಿಸಿಲುಕೋಲಿನ ಹಾಗೆ, ಬೆಳಕನ್ನು ತೆಳ್ಳಗಿನ ಹಾಳೆ ಮಾಡಿ ಬದಿಯಿಂದ ಬಿಡ್ತಾರೆ. ನೋಡುವ ಪದರಕ್ಕೆ ಮಾತ್ರ ಬೆಳಕು, ಮೇಲೆ ಕೆಳಗೆ ಕತ್ತಲೆ.

ಏನೂ ಒಳಗಿಡದೆ ನೋಡುವ ದಾರಿಗೆ ನಮ್ಮವರದೇ ಹೆಸರಿದೆ. ಸಿ. ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಕಡಲಿನ ನೀಲಿ ನೋಡಿ ಶುರು ಮಾಡಿದ ಯೋಚನೆ 1928ರಲ್ಲಿ ರಾಮನ್ ಪರಿಣಾಮವಾಯ್ತು. ಅಣುವಿಗೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಆ ಅಣುವಿನ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸಿ ಚದರ್ತದೆ. ಅದನ್ನೇ ಬಲಪಡಿಸಿ 2008ರಿಂದ ಜೀವಂತ ಕೋಶದೊಳಗಿನ ಕೊಬ್ಬಿನ ಹನಿಗಳನ್ನು ಬಣ್ಣವಿಲ್ಲದೆ ನೋಡ್ತಾರೆ. ಅಲ್ಲಿಯೂ ಲೇಸರ್ ಬೇಕು, ತೊಂದರೆ ಪೂರ್ತಿ ತಪ್ಪಿಲ್ಲ.

ಬನವಾಸಿ ಮಾಸ್ತರು:

ಅಕ್ಕೋರೇ, ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಇವರು ಹೇಳಿದ್ದೆಲ್ಲ ಚೆನ್ನಾಗಿದೆ. ಆದರೆ ನಿಮ್ಮ ಮೂರು ಮೈಕ್ರೋಸ್ಕೋಪಿನಲ್ಲಿ ಆ ಹುಡುಗಿಗೆ ತೋರಿಸುವುದು ಇದೆ, ನಾನು ಇಪ್ಪತ್ತು ವರ್ಷ ತೋರಿಸಿದ್ದೇನೆ.

ಒಂದು ಹಿಡಿ ಒಣ ಹುಲ್ಲನ್ನು ನೀರಲ್ಲಿ ಕುದಿಸಿ ಆರಿಸಿ. ಕೆರೆಯ ಅಥವಾ ಗದ್ದೆಯ ನೀರು ಒಂದು ಲೋಟ ಸೇರಿಸಿ ನಾಲ್ಕೈದು ದಿನ ನೆರಳಲ್ಲಿ ಬಿಡಿ. ಮೇಲೆ ಕೆನೆ ಕಟ್ಟುವಲ್ಲಿ ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಜೀವಿ ಸಿಗ್ತದೆ. ಬೇಕರಿಯ ಈಸ್ಟ್ ಕಾಲು ಚಮಚ, ಚಿಟಿಕೆ ಕಾಂಗೋ ರೆಡ್, ಸ್ವಲ್ಪ ನೀರು, ಹತ್ತು ನಿಮಿಷ ಕುದಿಸಿ. ಈಸ್ಟ್ ಕೆಂಪಾಗ್ತದೆ. ಆ ಬಣ್ಣ ವಿಷದ್ದು, ಕೈಗವಸು ಹಾಕಿ ನೀವೇ ಮಾಡಿ, ಮಕ್ಕಳ ಕೈಗೆ ಪುಡಿ ಕೊಡಬೇಡಿ. ಸ್ಲೈಡಿನ ಮೇಲೆ ಹತ್ತಿಯ ನಾಲ್ಕು ಎಳೆ ಬಿಡಿಸಿಡಿ, ಪ್ಯಾರಮೀಸಿಯಂ ಓಡದೆ ಅದರ ಸಂದಿಯಲ್ಲಿ ನಿಲ್ಲಲಿ. ಅದರ ಮೇಲೆ ಒಂದು ತೊಟ್ಟು ಜೀವಿಯ ನೀರು, ಸೂಜಿಯ ತುದಿಯಷ್ಟು ಕೆಂಪು ಈಸ್ಟ್.

ಕಾಂಗೋ ರೆಡ್ ಪಿಎಚ್ 5ರ ಮೇಲೆ ಕೆಂಪು, 3ರ ಕೆಳಗೆ ನೀಲಿ; ಹುಳಿ ಹೆಚ್ಚಾದಷ್ಟು ಪಿಎಚ್ ಕಡಿಮೆ. ಪ್ಯಾರಮೀಸಿಯಂ ಈಸ್ಟನ್ನು ನುಂಗಿ ಚೀಲ ಕಟ್ತದೆ. ಅದಕ್ಕೆ ಹುಳಿ ಸುರೀತದೆ. ಕೆಂಪು ಚೀಲ ನಿಮ್ಮ ಕಣ್ಣೆದುರಿಗೇ ನೀಲಿ ಆಗ್ತದೆ, ಆಮೇಲೆ ಜೀರ್ಣವಾಗ್ತಾ ಮತ್ತೆ ಕೆಂಪಿಗೆ ತಿರುಗ್ತದೆ. ಬೆಂಗಳೂರಿನ ಡಿಎನ್‌ಎ ಕೀಲು ಅಳೆದದ್ದೂ ಇಂಥ ಚೀಲದ ಹುಳಿಯನ್ನೇ ಅಲ್ಲವೇ ತಮ್ಮಾ?

ಹುಲೇಕಲ್ ಕಡೆಯವ:

ಹೌದು ಮಾಸ್ತರೇ. ಕೋಶ ಹೊರಗಿನದನ್ನು ನುಂಗಿ ಹುಳಿ ಮಾಡುವ ಅದೇ ದಾರಿ. ನನಗೆ ಇದು ಹೊಳೆಯಲೇ ಇಲ್ಲ.

ಮಾಜಾಳಿ ಅಕ್ಕೋರು:

ಮಾಸ್ತರೇ, ಇವತ್ತು ಶನಿವಾರ, ಮಧ್ಯಾಹ್ನದ ಮೇಲೆ ಹನ್ನೊಂದು ಮಕ್ಕಳು ಉಳಿದರು. ಹುಲ್ಲಿನ ನೀರು ಆರನೇ ದಿನಕ್ಕೆ ಸರಿಯಾಯ್ತು. ಮೊದಲ ಎರಡು ಸ್ಲೈಡ್ ಒಣಗಿಹೋದವು, ಕಿಟಕಿಯ ಗಾಳಿಗೆ. ಮೂರನೆಯದಕ್ಕೆ ಬೈತಕೋಲದ ತಮ್ಮ ಹೇಳಿದ ವ್ಯಾಸಲೀನಿನ ಕಟ್ಟೆ ಕಟ್ಟಿದೆ.

ಹುಡುಗಿಯನ್ನೇ ಮೊದಲು ಕೂರಿಸಿದೆ. ಹತ್ತಿಯ ಎಳೆಗಳ ನಡುವೆ ಒಂದು ಸಿಕ್ಕಿಕೊಂಡು ಅಲ್ಲಲ್ಲೇ ತಿರುಗ್ತಿತ್ತು. ಒಳಗೆ ಕೆಂಪು ಗುಂಡು ಮೂರು. ಅವಳು ಕಣ್ಣು ತೆಗೆಯದೆ ಬಾಯಲ್ಲಿ ಹೇಳ್ತಾ ಹೋದಳು, ಬಲೆಯ ಹುಡುಗ ಗಡಿಯಾರ ಹಿಡಿದು ಬರಕೊಂಡ. ನಾಲ್ಕನೇ ನಿಮಿಷ, ನಾಲ್ಕನೇ ಗುಂಡು ಕಟ್ತಾ ಉಂಟು. ಐದನೇ ನಿಮಿಷ, ಹಿಂದಿನದು ನೇರಳೆ. ಏಳನೇ ನಿಮಿಷಕ್ಕೆ "ನೀಲಿ ಆಯ್ತು ಅಕ್ಕೋರೆ, ನೀಲಿ, ನಾನು ನೋಡ್ತಿರುವಾಗಲೇ" ಅಂದಳು. ಉಳಿದ ಹತ್ತು ಜನ ಒಬ್ಬರ ಮೇಲೊಬ್ಬರು ಬಿದ್ದರು. ದೀಪ ಕಡಿಮೆ ಮಾಡಿ, ಅದಕ್ಕೆ ಬಿಸಿ ಆಗ್ತದೆ ಅಂತ ಅವಳೇ ಎಲ್ಲರಿಗೂ ಹೇಳಿದಳು.

ಪುಸ್ತಕದ ಕೊನೆಯ ಪುಟದಲ್ಲಿ ಹೊತ್ತು ಬರೆದಿಟ್ಟಿದ್ದೇವೆ. ಸೋಮವಾರ ನ್ಯೂಟ್ರಲ್ ರೆಡ್ ಅನ್ನುವ ಇನ್ನೊಂದು ಬಣ್ಣ ಹಾಕಿ ಇದೇ ನೋಡಬೇಕು ಅಂತ ಹಟ ಹಿಡಿದಿದ್ದಾರೆ. ಎಷ್ಟು ತೆಳ್ಳಗೆ ಮಾಡಿಕೊಳ್ಳಬೇಕು ಅಂತ ಗೊತ್ತಿದ್ದವರು ದಯವಿಟ್ಟು ನಾಳೆ ಸಂಜೆಯೊಳಗೆ ಬರೀರಿ.